ಒಂದೇ ಕಾಯಿಲೆ, ಒಂದೇ ವಾರ್ಡು, ಚಿಕಿತ್ಸೆ ಮಾತ್ರ ಬೇರೆ: ಇದು ಡಾಕ್ಟರ ತೀರ್ಮಾನವೋ, ಪ್ಯಾಕೇಜಿನ ಲೆಕ್ಕವೋ?

ಹಾವೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನಮ್ಮ ಅವ್ವನಿಗೆ 61 ವರ್ಷ. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಹೊಕ್ಕುಳಲ್ಲಿ ಹರ್ನಿಯಾ. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಎರಡೂ ಒಂದೇ ಹಾಳೆಯಲ್ಲಿವೆ. ಬಿಪಿಎಲ್ ಕಾರ್ಡ್ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಕಲ್ಲಿನ ಆಪರೇಷನ್ ಆಯಿತು. ಮೂರನೇ ದಿನ ಬೆಳಿಗ್ಗೆ ಡಿಸ್ಚಾರ್ಜ್. "ಹರ್ನಿಯಾ?" ಅಂತ ಕೌಂಟರ್‌ನಲ್ಲಿ ಕೇಳಿದೆ. "ಕಾರ್ಡಿನಲ್ಲಿ ಒಂದು ಸಲಕ್ಕೆ ಒಂದೇ ಆಪರೇಷನ್ ಮೇಡಂ, ಆರು ವಾರ ಬಿಟ್ಟು ಬನ್ನಿ" ಅಂದರು.

ಪಕ್ಕದ ಬೆಡ್‌ನಲ್ಲಿ ರಾಣೆಬೆನ್ನೂರು ಕಡೆಯ ಒಬ್ಬ ಅಮ್ಮ ಇದ್ದರು. ಅವರಿಗೂ ಇವೇ ಎರಡು ತೊಂದರೆ. ಕೈಯಿಂದ ದುಡ್ಡು ಕಟ್ಟಿ ಸೇರಿದವರು. ಅವರಿಗೆ ಎರಡೂ ಆಪರೇಷನ್ ಒಂದೇ ದಿನ ಆಯಿತು. ಆದರೆ ಐದನೇ ದಿನವೂ ಅವರನ್ನು ಮನೆಗೆ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಬಂದು ರಕ್ತ ತೆಗೆಯುತ್ತಿದ್ದರು. ನಮ್ಮ ಅವ್ವನಿಗೆ ಒಂದೇ ಸಲ ತೆಗೆದಿದ್ದು.

ವಾಪಸ್ ಬರುವಾಗ ಅವ್ವ ಬಸ್ಸಿನಲ್ಲಿ ಹೊಟ್ಟೆಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ರಸ್ತೆ ಹಂಪ್ ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. "ಮತ್ತೊಮ್ಮೆ ಮತ್ತಿನ ಸೂಜಿ ಚುಚ್ಚತಾರೇನವ್ವಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ವಾರ್ಡು, ಒಂದೇ ಡಾಕ್ಟರು, ಒಂದೇ ಕಾಯಿಲೆ. ದುಡ್ಡು ಬರುವ ದಾರಿ ಮಾತ್ರ ಬೇರೆ. ಚಿಕಿತ್ಸೆ ಬೇರೆ ಆಗಿದ್ದು ಅದಕ್ಕೇನಾ?

ಸ್ಕೀಮ್ ಕೌಂಟರ್

ಟೀಚರ್, ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. "ಒಂದು ಸಲಕ್ಕೆ ಒಂದೇ ಆಪರೇಷನ್" ಅನ್ನೋ ನಿಯಮ ಇಲ್ಲ. ನಾನು ಆಸ್ಪತ್ರೆಯಲ್ಲಿ ಯೋಜನೆಯ ಕೌಂಟರ್ ನೋಡಿಕೊಳ್ಳುವ ಆರೋಗ್ಯಮಿತ್ರನಾಗಿ ಆರು ವರ್ಷ ಕೂತವನು, ಅದಕ್ಕೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಆಯುಷ್ಮಾನ್ ಅಂದರೆ ಬಿಪಿಎಲ್ ಕಾರ್ಡಿನವರ ಖರ್ಚನ್ನು ಸರ್ಕಾರ ಕೊಡುವ ಯೋಜನೆ, ಪ್ಯಾಕೇಜ್ ಅಂದರೆ ಒಂದೊಂದು ಚಿಕಿತ್ಸೆಗೆ ಮೊದಲೇ ಗೊತ್ತು ಮಾಡಿದ ಒಟ್ಟು ದರ. ಆಯುಷ್ಮಾನ್ ಪ್ಯಾಕೇಜ್‌ನಲ್ಲಿ ಇರುವ ನಿಯಮ ಇದು. ಒಂದೇ ಸಲ ಎರಡು ಆಪರೇಷನ್ ಮಾಡಿದರೆ, ದೊಡ್ಡದಕ್ಕೆ ಪೂರ್ತಿ ದರ. ಎರಡನೆಯದಕ್ಕೆ ಅರ್ಧ. ಮೂರನೆಯದೂ ಇದ್ದರೆ ಕಾಲು ಭಾಗ. ಸುಮ್ನೆ ಲೆಕ್ಕಕ್ಕೆ ಒಂದೊಂದಕ್ಕೂ 20 ಸಾವಿರ ಅಂತ ಇಟ್ಟುಕೊಳ್ಳಿ. ಒಟ್ಟಿಗೆ ಮಾಡಿದರೆ ಆಸ್ಪತ್ರೆಗೆ 30 ಸಾವಿರ. ಎರಡು ಸಲ ಕರೆಸಿ ಮಾಡಿದರೆ 40 ಸಾವಿರ. ಕೌಂಟರ್‌ನಲ್ಲಿ ನಿಮಗೆ ಹೇಳದ ಮಾತು ಇದು.

ನಿಯಮ ಮಾಡಿದವರ ಉದ್ದೇಶ ತಪ್ಪಲ್ಲ. ಥಿಯೇಟರ್ ಒಂದೇ, ಮತ್ತಿನ ಮದ್ದು ಕೊಡುವುದು ಒಂದೇ ಸಲ, ಬೆಡ್ಡೂ ಒಂದೇ. ಎರಡಕ್ಕೂ ಪೂರ್ತಿ ಯಾಕೆ ಕೊಡಬೇಕು ಅಂತ ಯೋಚಿಸಿದ್ದಾರೆ. ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಅದೇ ನಿಯಮ ಆರು ವಾರ ಆದಮೇಲೆ ಅದೇ ರೋಗಿಯನ್ನು ಮತ್ತೆ ಬಸ್ಸು ಹತ್ತಿಸುತ್ತದೆ.

ಜ್ವರ, ನ್ಯುಮೋನಿಯಾ ಥರದ ಕಾಯಿಲೆಗೆ ಲೆಕ್ಕ ಬೇರೆ. ಅಲ್ಲಿ ದಿನದ ದರ. 2018ರಲ್ಲಿ ಕೇಂದ್ರದ ಪಟ್ಟಿಯಲ್ಲಿ ಸಾಮಾನ್ಯ ವಾರ್ಡಿಗೆ ದಿನಕ್ಕೆ 1,800 ರೂಪಾಯಿ ಇತ್ತು, ವೆಂಟಿಲೇಟರ್ ಇಲ್ಲದ ಐಸಿಯುಗೆ 3,600. ಆ ಐಸಿಯು ದರಕ್ಕೆ ರೋಗಿಯನ್ನು ಇಟ್ಟುಕೊಳ್ಳೋಕೆ ಎಷ್ಟೋ ಆಸ್ಪತ್ರೆಗಳು ಹಿಂದೆ ಸರಿಯುತ್ತಿದ್ದವು. 2022ರ ಪಟ್ಟಿಯಲ್ಲಿ ವಾರ್ಡಿಗೆ 2,100, ಐಸಿಯುಗೆ 8,500 ಆಯಿತು. ಆ ಪಟ್ಟಿಯಲ್ಲಿ ವಾರ್ಡಿಗೂ ಐಸಿಯುಗೂ ನಡುವೆ ನಾಲ್ಕು ಪಟ್ಟು ಅಂತರ. ಗಡಿಯಲ್ಲಿರುವ ರೋಗಿಯನ್ನು ಎಲ್ಲಿ ಮಲಗಿಸುತ್ತಾರೆ ಅನ್ನೋದನ್ನು ಇಂಥ ಅಂತರ ಎಳೆದಾಡುತ್ತದೆ. ಅದಕ್ಕೇ ಯೋಜನೆಯವರು ಕೇಳುವುದು ಪ್ರೀ-ಆತ್ (ಮುಂಚಿನ ಒಪ್ಪಿಗೆ), ಬೆಡ್ ಮೇಲಿನ ಫೋಟೊ, ಐಸಿಯು ಚಾರ್ಟ್, ದಿನ ಜಾಸ್ತಿಯಾದರೆ ಮತ್ತೊಂದು ಒಪ್ಪಿಗೆ, ಅಂದರೆ ಎನ್‌ಹ್ಯಾನ್ಸ್‌ಮೆಂಟ್, ಕ್ವೆರಿ ಮೇಲೆ ಕ್ವೆರಿ.

ಇನ್ನೊಂದು. ಪ್ಯಾಕೇಜ್ ಅಂದರೆ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಮಾತ್ರ ಅಲ್ಲ. ಡಿಸ್ಚಾರ್ಜ್ ಆದಮೇಲೆ 15 ದಿನದ ಔಷಧಿಯೂ ಅದರಲ್ಲೇ ಸೇರಿದೆ. ನಿಮಗೆ ಕೊಟ್ಟರಾ?

ಹಾವೇರಿ ಟೀಚರ್

ಐದು ದಿನದ ಮಾತ್ರೆ ಕೊಟ್ಟರು. ಉಳಿದದ್ದನ್ನು ಹೊರಗಡೆ ಮೆಡಿಕಲ್‌ನಲ್ಲಿ ಕೊಂಡೆವು. ಇದು ಗೊತ್ತೇ ಇರಲಿಲ್ಲ ಅಣ್ಣಾ.

ಕಾವೇರಿ ದಂಡೆ

ಎಲ್ಲಾ ಕಳ್ಳರು. ಕಾರ್ಡ್ ಕಂಡರೆ ಒಂದು ಥರ, ನೋಟು ಕಂಡರೆ ಇನ್ನೊಂದು ಥರ. ಇದರಲ್ಲಿ ಚರ್ಚೆ ಮಾಡುವುದೇನಿದೆ?

ಜಿಲ್ಲಾಸ್ಪತ್ರೆ ಸರ್ಜನ್

ಚರ್ಚೆ ಮಾಡುವುದು ಬಹಳ ಇದೆ ಸರ್. ಸ್ವಲ್ಪ ತಾಳ್ಮೆಯಿಂದ ಓದಿ.

ಟೀಚರ್, ನೀವು ಹೇಳಿದ ಎರಡು ತೊಂದರೆಗಳನ್ನು ಒಟ್ಟಿಗೆ ಸರಿ ಮಾಡಬಹುದು. ಪಿತ್ತಕೋಶವನ್ನು ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ತೆಗೆಯುವಾಗ ಒಂದು ತೂತು ಸಾಮಾನ್ಯವಾಗಿ ಹೊಕ್ಕುಳ ಹತ್ತಿರವೇ ಬರುತ್ತದೆ. ಮುಗಿಸಿ ಹೊರಬರುವಾಗ ಹರ್ನಿಯಾವನ್ನೂ ಹೊಲಿಯಬಹುದು. ಆದರೆ ಹರ್ನಿಯಾ ದೊಡ್ಡದಿದ್ದರೆ ಮೆಶ್ ಇಡಬೇಕು. ಅದು ಬಲೆಯ ಹಾಗಿರುವ ವಸ್ತು, ದೇಹಕ್ಕೆ ಹೊರಗಿನದು. ಪಿತ್ತಕೋಶದಲ್ಲಿ ಸೋಂಕು ಇದ್ದರೆ, ಪಿತ್ತರಸ ಹೊಟ್ಟೆಯೊಳಗೆ ಚೆಲ್ಲಿದ್ದರೆ, ಆ ಮೆಶ್‌ಗೆ ಕೀವು ಹಿಡಿಯುವ ಭಯ. ಒಮ್ಮೆ ಕೀವಾಯಿತು ಅಂದರೆ ತಿಂಗಳುಗಟ್ಟಲೆ ಗೋಳು. ಅಂಥ ಹೊಟ್ಟೆಯಲ್ಲಿ ನಾನಾದರೂ ಮೆಶ್ ಇಡುವುದಿಲ್ಲ. ಆರು ವಾರ ಬಿಟ್ಟು ಬನ್ನಿ ಅಂತಲೇ ಹೇಳುತ್ತೇನೆ. ನನಗೆ ಅದರಿಂದ ಒಂದು ಪೈಸೆ ಬರುವುದಿಲ್ಲ.

ಹಾಗಾಗಿ ಬರೀ ಎರಡು ಸಲ ಕರೆದರು ಅನ್ನುವುದರಿಂದ ಏನನ್ನೂ ತೀರ್ಮಾನ ಮಾಡೋಕೆ ಆಗುವುದಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ ಆಪರೇಷನ್ ಬಗ್ಗೆ ಏನು ಬರೆದಿದ್ದಾರೆ ನೋಡಿ ಹೇಳಿ.

ಇದರ ಅರ್ಥ ದುಡ್ಡಿನ ಲೆಕ್ಕ ನಮ್ಮ ಕೈಯನ್ನು ಎಳೆಯುವುದಿಲ್ಲ ಅಂತ ಅಲ್ಲ. ಎಳೆಯುತ್ತದೆ. ಹೆರಿಗೆಯನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 52.5 ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 22.6. ಗರ್ಭಿಣಿಯರ ದೇಹ ಅಷ್ಟೊಂದು ಬೇರೆ ಇರುವುದಿಲ್ಲ. ದುಡ್ಡು ಒಂದೇ ಕಾರಣ ಅಂತಲೂ ನಾನು ಹೇಳೋದಿಲ್ಲ. ತಾಯಂದಿರ ಭಯ ಇದೆ, ಏನಾದರೂ ಆದರೆ ಆಸ್ಪತ್ರೆಗೆ ಕಲ್ಲು ಬೀಳುತ್ತದೆ ಅನ್ನೋ ಡಾಕ್ಟರ ಭಯ ಇದೆ. ಜೊತೆಗೆ ಸಹಜ ಹೆರಿಗೆಗೆ ಹನ್ನೆರಡು, ಹದಿನಾಲ್ಕು ಗಂಟೆ ಪಕ್ಕದಲ್ಲಿ ಇರಬೇಕು. ಸಿಸೇರಿಯನ್ ಒಂದು ಗಂಟೆಯ ಕೆಲಸ, ಬಿಲ್ ಜಾಸ್ತಿ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ನಮಗೆ ಸಂಬಳ. ಹತ್ತು ರೋಗಿ ನೋಡಿದರೂ ಅಷ್ಟೇ, ನೂರು ನೋಡಿದರೂ ಅಷ್ಟೇ. ಬೇಡದ ಆಪರೇಷನ್ ಮಾಡುವ ಆಸೆ ನಮಗಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕಷ್ಟದ ಕೇಸ್ ಬಂದರೆ, ಚೀಟಿ ಬರೆದು ಆಂಬುಲೆನ್ಸ್ ಹತ್ತಿಸುವ ಆಸೆ ನಮಗೇ ಜಾಸ್ತಿ. ಎಷ್ಟೋ ಸಲ ಆ ಆಂಬುಲೆನ್ಸ್ ನೋಡುತ್ತಾ ನಿಂತಿದ್ದೇನೆ. ಇಲ್ಲೇ ಮಾಡಬಹುದಿತ್ತು ಅನಿಸಿದ ರಾತ್ರಿಗಳಿವೆ.

ಉಡುಪಿ ಬಿಟ್ಟವಳು

ಡಾಕ್ಟರೇ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ನರ್ಸ್, ಮೆಡಿಕಲ್ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯಿತು. ಈ ವಿಷಯದಲ್ಲಿ ಇಲ್ಲಿನ ಕಥೆ ಹಳೆಯದು, ಆದರೆ ನೀವೆಲ್ಲ ಕೇಳಬೇಕಾದದ್ದು.

ಇಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಇದೆ. ಮೊದಲು ಆಸ್ಪತ್ರೆ ಎಷ್ಟು ಖರ್ಚು ತೋರಿಸುತ್ತದೋ ಅದಕ್ಕೆ ತಕ್ಕಂತೆ ಸರ್ಕಾರ ಕೊಡುತ್ತಿತ್ತು. ರೋಗಿ ಜಾಸ್ತಿ ದಿನ ಮಲಗಿದಷ್ಟೂ ಆಸ್ಪತ್ರೆಗೆ ಆದಾಯ. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ಕಾಯಿಲೆಗಳನ್ನು ಗುಂಪು ಗುಂಪಾಗಿ ವಿಂಗಡಿಸುವ ಒಂದು ಕ್ರಮ ಮಾಡಿದ್ದರು. ಅದೇ ಡಿಆರ್‌ಜಿ. ಒಂದು ಗುಂಪಿಗೆ ಒಂದು ದರ, ರೋಗಿ ಮೂರು ದಿನ ಇರಲಿ ಒಂಬತ್ತು ದಿನ ಇರಲಿ. 1980ರಲ್ಲಿ ಮೊದಲು ಪ್ರಯೋಗ ಆಗಿದ್ದು ನಾನಿರುವ ಈ ನ್ಯೂಜೆರ್ಸಿಯಲ್ಲೇ. 1983ರ ಅಕ್ಟೋಬರ್‌ನಿಂದ ಮೆಡಿಕೇರ್ ಅದನ್ನು ದೇಶದಲ್ಲೆಲ್ಲ ತಂದಿತು.

ರೋಗಿಗಳು ಆಸ್ಪತ್ರೆಯಲ್ಲಿ ಇರುವ ದಿನಗಳು ಒಂದೆರಡು ವರ್ಷದಲ್ಲೇ ಕಡಿಮೆ ಆದವು. ಕಾಯಿಲೆ ಬದಲಾಗಿರಲಿಲ್ಲ, ಡಾಕ್ಟರುಗಳೂ ಅವರೇ. ಪೂರ್ತಿ ಹುಷಾರಾಗುವ ಮೊದಲೇ ಮುದುಕರನ್ನು ಮನೆಗೆ ಕಳಿಸುತ್ತಿದ್ದಾರೆ ಅಂತ ಆಗ ದೊಡ್ಡ ಗಲಾಟೆಯೇ ಆಯಿತು. ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯವರು ಸಾವಿರಾರು ಕೇಸ್ ಶೀಟ್ ತೆರೆದು ನೋಡಿ 1990ರಲ್ಲಿ ವರದಿ ಕೊಟ್ಟರು. ಹೊಸ ಪದ್ಧತಿಯಿಂದ ಸಾವು ಹೆಚ್ಚಾಗಿರಲಿಲ್ಲ. ಆದರೆ ಜ್ವರವೋ, ಎದೆಬಡಿತವೋ ಇನ್ನೂ ಹತೋಟಿಗೆ ಬಾರದೆ ಮನೆಗೆ ಹೋದವರು ನೂರಕ್ಕೆ 15 ಇದ್ದದ್ದು 18 ಆಗಿತ್ತು.

ಇವತ್ತಿಗೂ ನನ್ನ ವಾರ್ಡಿನಲ್ಲಿ ರೋಗಿ ಬಂದ ದಿನವೇ ಗೋಡೆಯ ಬಿಳಿ ಬೋರ್ಡಿನಲ್ಲಿ ಮನೆಗೆ ಹೋಗುವ ತಾರೀಕು ಬರೆಯುತ್ತೇವೆ. ಎಷ್ಟೋ ಸಲ ರೋಗಿಯ ಊಟದ ಪಥ್ಯ ತೀರ್ಮಾನ ಆಗಿರುವುದಿಲ್ಲ, ಹೋಗುವ ತಾರೀಕು ಇರುತ್ತದೆ.

ಒಬ್ಬ ಅಜ್ಜಿಯ ಕಥೆ ಹೇಳಬೇಕು. ಬಿದ್ದು ಸೊಂಟಕ್ಕೆ ಪೆಟ್ಟಾಗಿ ಬಂದಿದ್ದರು, ಮೂಳೆ ಮುರಿದಿರಲಿಲ್ಲ. ಮೂರು ರಾತ್ರಿ ನಮ್ಮ ಬೆಡ್‌ನಲ್ಲೇ ಮಲಗಿದರು. ನಾನೇ ಸ್ನಾನ ಮಾಡಿಸಿದೆ, ನಾನೇ ಮಾತ್ರೆ ಕೊಟ್ಟೆ. ಆದರೆ ಕಾಗದದಲ್ಲಿ ಅವರು ಅಡ್ಮಿಟ್ ಆಗಿರಲಿಲ್ಲ, "ಅಬ್ಸರ್ವೇಷನ್", ಅಂದರೆ ಬರೀ ನಿಗಾದಲ್ಲಿ ಇಟ್ಟವರು ಅಂತ ಇತ್ತು. ಅಡ್ಮಿಟ್ ಆಗಿ ಮೂರು ದಿನ ಕಳೆದಿದ್ದರೆ ಮಾತ್ರ ಮುಂದಿನ ಆರೈಕೆ ಕೇಂದ್ರದ ಖರ್ಚನ್ನು ಮೆಡಿಕೇರ್ ಕೊಡುತ್ತದೆ. ಮಗಳು ನನ್ನ ಕೈ ಹಿಡಿದು, "ಅಮ್ಮ ಮೂರು ರಾತ್ರಿಯೂ ಇಲ್ಲೇ ಇದ್ದರಲ್ಲ, ನೀವೇ ನೋಡಿದ್ದೀರಲ್ಲ" ಅಂದಳು. ನಾನು ನೋಡಿದ್ದೆ. ಬಿಲ್ಲಿನಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ.

2012ರಲ್ಲಿ ಇನ್ನೊಂದು ನಿಯಮ ಬಂತು. ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾ ಆದವರು 30 ದಿನದೊಳಗೆ ಮತ್ತೆ ಅಡ್ಮಿಟ್ ಆಗುವುದು ಜಾಸ್ತಿ ಇದ್ದರೆ ಆ ಆಸ್ಪತ್ರೆಗೆ ದಂಡ. ಆಮೇಲೆ ನಾವು ಮನೆಗೆ ಹೋದವರಿಗೆ ಫೋನ್ ಮಾಡೋಕೆ ಶುರು ಮಾಡಿದೆವು. ತೂಕ ನೋಡಿದಿರಾ, ಕಾಲು ಊದಿದೆಯಾ, ಮೈಯ ನೀರು ಇಳಿಸುವ ಮಾತ್ರೆ ತಗೊಂಡಿರಾ ಅಂತ. ಈ ಫೋನನ್ನು ನಾವು ಮೊದಲೇ ಮಾಡಬೇಕಿತ್ತು. ದಂಡ ಬರುವವರೆಗೂ ಮಾಡಲಿಲ್ಲ ಅನ್ನೋದು ನನಗೆ ಈಗಲೂ ನೋವಿನ ವಿಷಯ. ದಂಡ ತಪ್ಪಿಸೋಕೆ, ಮರಳಿ ಬಂದವರನ್ನು ಅಡ್ಮಿಟ್ ಅಂತ ಬರೆಯದೆ ಅಬ್ಸರ್ವೇಷನ್‌ನಲ್ಲಿ ಇಟ್ಟುಕೊಳ್ಳುತ್ತಾರೆ ಅನ್ನೋ ದೂರೂ ಇದೆ.

ವೈಟ್‌ಫೀಲ್ಡ್ ವಾಸಿ

ಕಂಪನಿ ವಿಮೆ ಇರುವ ನಮ್ಮಂಥವರ ಕಥೆಯನ್ನೂ ಸೇರಿಸುತ್ತೇನೆ. ಹೋದ ಮಳೆಗಾಲದಲ್ಲಿ ತಮ್ಮನಿಗೆ ಡೆಂಗಿ. ಪ್ಲೇಟ್‌ಲೆಟ್ ಒಂದು ಲಕ್ಷದ ಮೇಲಿತ್ತು, ಊಟ ಮಾಡುತ್ತಿದ್ದ. ಡಾಕ್ಟರು, "ಮನೆಯಲ್ಲೇ ಇದ್ದು ದಿನಾ ರಕ್ತ ಪರೀಕ್ಷೆ ಮಾಡಿಸಿದರೆ ಸಾಕು" ಅಂದರು. ಪಕ್ಕದಲ್ಲೇ ಇದ್ದ ಇನ್ಶೂರೆನ್ಸ್ ಡೆಸ್ಕ್‌ನವರು, "24 ಗಂಟೆ ಅಡ್ಮಿಟ್ ಆದರೆ ಮಾತ್ರ ಕ್ಲೇಮ್ ಆಗುತ್ತೆ ಸರ್" ಅಂದರು. ಅಡ್ಮಿಟ್ ಮಾಡಿಸಿದ್ದು ನಾವೇ. ಯಾರೂ ಬಲವಂತ ಮಾಡಲಿಲ್ಲ. ಡೆಂಗಿ ಸೀಸನ್‌ನಲ್ಲಿ ಬೆಡ್ ಸಿಗದೆ ಹೊರಗೆ ವೀಲ್‌ಚೇರ್‌ನಲ್ಲಿ ಕೂತಿದ್ದ ಒಬ್ಬ ಹುಡುಗನನ್ನು ಅವತ್ತು ಸಂಜೆ ನೋಡಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಇಲ್ಲ.

ರೂಮಿನ ಬಾಡಿಗೆ ಮಿತಿ ಬಗ್ಗೆಯೂ ಹೇಳಬೇಕು. ಎಷ್ಟೋ ಪಾಲಿಸಿಯಲ್ಲಿ ವಿಮೆ ಮೊತ್ತದ 1 ಶೇಕಡಾ ಅಂತ ಇರುತ್ತದೆ. 5 ಲಕ್ಷದ ಪಾಲಿಸಿಗೆ ದಿನಕ್ಕೆ 5,000 ರೂಪಾಯಿಯ ರೂಮ್. ನೀವು 8,000ದ ರೂಮ್ ತಗೊಂಡರೆ ಮೇಲಿನ 3,000 ಕೊಟ್ಟರೆ ಮುಗಿಯಲಿಲ್ಲ. ಡಾಕ್ಟರ ಫೀಸು, ಥಿಯೇಟರ್ ಚಾರ್ಜ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಯಾಕೆಂದರೆ ರೂಮ್ ದೊಡ್ಡದಾದ ಹಾಗೆ ಅದೇ ಆಪರೇಷನ್‌ನ ದರವೂ ಏರುತ್ತದೆ. ಕತ್ತರಿ ಅದೇ, ಕೈ ಅದೇ.

ಸೊಸೈಟಿ ಕಾರ್ಯದರ್ಶಿ, ಮಂಡ್ಯ

ನಾನು ಹಾಲಿನ ಡೈರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತನಾದವನು. 2003ರಲ್ಲಿ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ ಶುರುವಾದಾಗ ಒಬ್ಬೊಬ್ಬರಿಂದ ವರ್ಷಕ್ಕೆ 60 ರೂಪಾಯಿ ವಸೂಲಿ ಮಾಡಿ ಕಾರ್ಡ್ ಕೊಟ್ಟವನು. ಆಗ ಅದರಲ್ಲಿ ಆಪರೇಷನ್‌ಗಳೇ ಮುಖ್ಯ. ಹೃದಯದ ಆಪರೇಷನ್ ಆದವರು ಊರಿಗೆ ಬಂದು ಕೈಮುಗಿದಿದ್ದಾರೆ, ಅದನ್ನು ಮರೆಯೋ ಹಾಗಿಲ್ಲ. ಆದರೆ ಲಕ್ವ ಹೊಡೆದವರು, ವಾರಗಟ್ಟಲೆ ಜ್ವರದಲ್ಲಿ ಮಲಗಿದವರು ಬಂದು, "ಕಾರ್ಡ್ ಇದೆಯಲ್ಲ ಸ್ವಾಮಿ" ಅಂದರೆ ನಾನು ತಲೆ ತಗ್ಗಿಸಬೇಕಿತ್ತು. ಚಾಕು ಹಾಕಿದರೆ ಕಾರ್ಡ್, ಹಾಕದಿದ್ದರೆ ಸಾಲ. ಮಾತ್ರೆಯಲ್ಲಿ ನೋಡೋಣ ಅಂದ ಡಾಕ್ಟರ ಹತ್ತಿರ, "ಆಪರೇಷನ್ನೇ ಮಾಡಿಬಿಡಿ" ಅಂತ ನಮ್ಮ ಜನರೇ ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ಜನಾರೋಗ್ಯ ವಿದ್ಯಾರ್ಥಿನಿ, ಕಲಬುರಗಿ

ಕಾರ್ಯದರ್ಶಿಗಳೇ, ನಿಮ್ಮ ಮಾತಿಗೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. 2010ರಲ್ಲಿ ನಮ್ಮ ಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೆದುಳು ಇಂಥ ದೊಡ್ಡ ಕಾಯಿಲೆಗಳಿಗೆ ಪ್ಯಾಕೇಜ್ ಲೆಕ್ಕದಲ್ಲಿ ಉಚಿತ ಚಿಕಿತ್ಸೆ. ಆಗ ಅದು ರಾಜ್ಯದ ಉತ್ತರ ಭಾಗದಲ್ಲಿ ಇತ್ತು, ದಕ್ಷಿಣದಲ್ಲಿ ಇರಲಿಲ್ಲ. ಹಾಗಾಗಿ ಗಡಿಯ ಈಚೆ ಆಚೆ ಇರುವ ಹಳ್ಳಿಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯೋಜನೆ ಇದ್ದ ಹಳ್ಳಿಗಳ ಬಡವರಲ್ಲಿ, ಅದರಲ್ಲಿ ಸೇರಿದ ಕಾಯಿಲೆಗಳಿಂದಾದ ಸಾವು 64 ಶೇಕಡಾ ಕಡಿಮೆ ಇತ್ತು. ಪ್ಯಾಕೇಜ್ ಅಂದ ಕೂಡಲೇ ಬೈಯುವವರು ಇದನ್ನು ನೆನಪಿಡಿ. ಎಷ್ಟು ಬಿಲ್ ಬರುತ್ತದೋ ಅನ್ನೋ ಭಯಕ್ಕೆ ಮನೆಯಲ್ಲೇ ಉಳಿಯುತ್ತಿದ್ದವರು ಆಸ್ಪತ್ರೆಗೆ ಹೋದರು.

ಪ್ಯಾಕೇಜ್ ಇಲ್ಲದ ಕಡೆ ಏನಾಗುತ್ತದೆ ಅನ್ನೋದೂ ನಮ್ಮ ಜಿಲ್ಲೆಯಲ್ಲೇ ಇದೆ. ತಾಂಡಾಗಳ ಲಂಬಾಣಿ ಹೆಂಗಸರಿಗೆ, ಇನ್ನೂ ನಲವತ್ತೂ ದಾಟದವರಿಗೆ, ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದರೆ ಗರ್ಭಕೋಶವನ್ನೇ ತೆಗೆದ ವಿಷಯ 2015ರ ಹೊತ್ತಿಗೆ ಹೊರಗೆ ಬಂತು. ಸಾಲ ಮಾಡಿ, ಕೈಯಿಂದ ಕಟ್ಟಿ ಮಾಡಿಸಿಕೊಂಡಿದ್ದವರು. ಬೇರೆ ರಾಜ್ಯಗಳಲ್ಲಿ ಸರ್ಕಾರಿ ವಿಮೆಯ ದುಡ್ಡಿನಲ್ಲೂ ಹೀಗೇ ಆಯಿತು. ರಾಜಸ್ಥಾನ, ಬಿಹಾರ, ಛತ್ತೀಸ್‌ಗಢದ ಇಂಥ ಪ್ರಕರಣಗಳ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಅಂತ ಹೇಳಿತು. ನಗದಾದರೂ ಅಷ್ಟೇ, ಕಾರ್ಡ್ ಆದರೂ ಅಷ್ಟೇ. ಒಂದು ಅಂಗ ತೆಗೆದರೆ ಇಷ್ಟು ಅಂತ ದರ ಇದ್ದು, ಬಿಳಿಮುಟ್ಟಿಗೆ ಮಾತ್ರೆ ಕೊಟ್ಟು ಸಮಾಧಾನ ಹೇಳಿ ಕಳಿಸಿದರೆ ಏನೂ ಇಲ್ಲ ಅಂದಾಗ, ಆ ಹೆಂಗಸಿನ ಪರವಾಗಿ ಯಾರಾದರೂ ಒಬ್ಬರು ಪ್ರಶ್ನೆ ಕೇಳಲೇಬೇಕು.

ಉಡುಪಿ ಅಕ್ಕ ಹೇಳಿದ ಡಿಆರ್‌ಜಿಯನ್ನು ಇಲ್ಲೂ ಪ್ರಯೋಗ ಮಾಡುತ್ತೇವೆ ಅಂತ 2022ರಲ್ಲಿ ಆಯುಷ್ಮಾನ್ ಯೋಜನೆಯವರು ಹೇಳಿದರು. ಛತ್ತೀಸ್‌ಗಢ, ಹರಿಯಾಣ, ಕೇರಳ, ಮಹಾರಾಷ್ಟ್ರ, ಮೇಘಾಲಯ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಡಿಸ್ಚಾರ್ಜ್ ಸಮರಿ ಸರಿಯಾಗಿ ಬರೆಯುವ ಅಭ್ಯಾಸ ಮೊದಲು ಬರಬೇಕು. ಯಾವ ಕಾಯಿಲೆ, ಜೊತೆಗೆ ಏನೇನಿತ್ತು ಅನ್ನೋದೇ ಕಾಗದದಲ್ಲಿ ಇಲ್ಲದಿದ್ದರೆ ಯಾವ ಗುಂಪಿಗೆ ಹಾಕುವುದು?

ಹಾವೇರಿ ಟೀಚರ್

ಎಲ್ಲವನ್ನೂ ಎರಡೆರಡು ಸಲ ಓದಿದೆ. ಡಾಕ್ಟರ್ ಸರ್ ಹೇಳಿದ ಹಾಗೆ ಡಿಸ್ಚಾರ್ಜ್ ಸಮರಿ ತೆಗೆದು ನೋಡಿದೆ. ಆಪರೇಷನ್ ಬಗ್ಗೆ ಎರಡೇ ಸಾಲು. "ಪಿತ್ತಕೋಶದ ಗೋಡೆ ದಪ್ಪ, ಸುತ್ತ ಅಂಟಿಕೊಂಡಿತ್ತು" ಅನ್ನೋ ಅರ್ಥದ ಮಾತಿದೆ. ಹರ್ನಿಯಾದ ಹೆಸರೇ ಇಲ್ಲ.

ಜಿಲ್ಲಾಸ್ಪತ್ರೆ ಸರ್ಜನ್

ಹಾಗಿದ್ದರೆ ಕಷ್ಟದ ಆಪರೇಷನ್ನೇ ಆಗಿರಬೇಕು. ಮೆಶ್ ಬೇಡ ಅನಿಸಿದ್ದರೆ ಅದು ಸರಿಯಾದ ತೀರ್ಮಾನ. ಆದರೆ ನಾನು ಇಲ್ಲಿ ಕೂತು ಊಹೆ ಮಾಡಬಾರದು. ಕೌಂಟರ್‌ಗೆ ಹೋಗಬೇಡಿ. ಆಪರೇಷನ್ ಮಾಡಿದ ಡಾಕ್ಟರನ್ನೇ ನೋಡಿ, ಆಪರೇಷನ್ ನೋಟ್ಸ್ ತೋರಿಸಿ ಅಂತ ಕೇಳಿ. ರೋಗಿಗೆ ಅದನ್ನು ಕೇಳುವ ಹಕ್ಕಿದೆ.

ಸ್ಕೀಮ್ ಕೌಂಟರ್

ಔಷಧಿಯ ಬಿಲ್ಲುಗಳನ್ನೂ ತಗೊಂಡು ಹೋಗಿ ಟೀಚರ್. ಅಲ್ಲಿರುವ ಆರೋಗ್ಯಮಿತ್ರರ ಹತ್ತಿರ 15 ದಿನದ ಮಾತು ಎತ್ತಿ. ಜಗಳ ಬೇಡ, ಮೆಲ್ಲಗೆ ಕೇಳಿ, ಆದರೆ ಉತ್ತರ ಬರೋವರೆಗೂ ಎದ್ದು ಬರಬೇಡಿ.

ಹಾವೇರಿ ಟೀಚರ್

ಇವತ್ತು ಹೋಗಿ ಬಂದೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ.

ಡಾಕ್ಟರು ಸಿಟ್ಟಾಗಲಿಲ್ಲ. ಫೈಲ್ ತರಿಸಿದರು. ತಾವೇ ಕೈಯಲ್ಲಿ ಬರೆದಿದ್ದ ಹಾಳೆ ತೆಗೆದು ಓದಿ, ಕನ್ನಡದಲ್ಲಿ ಹೇಳಿದರು. ಪಿತ್ತಕೋಶ ಬಿಡಿಸುವಾಗ ಹರಿದು ಪಿತ್ತರಸ ಚೆಲ್ಲಿತ್ತಂತೆ, ತೊಳೆದು ಸ್ವಚ್ಛ ಮಾಡಿದರಂತೆ. ಅದಕ್ಕೇ ಮೆಶ್ ಇಡಲಿಲ್ಲ ಅಂದರು. ಒಂದು ಕಾಗದದಲ್ಲಿ ಹೊಟ್ಟೆಯ ಚಿತ್ರ ಬರೆದು ಎಲ್ಲಿ ತೂತು, ಎಲ್ಲಿ ಹರ್ನಿಯಾ ಅಂತ ಅವ್ವನಿಗೆ ತೋರಿಸಿದರು. ಪಕ್ಕದ ಬೆಡ್‌ನ ಅಮ್ಮನ ವಿಷಯ ನಾನು ಕೇಳಲಿಲ್ಲ. ಅದು ಅವರ ವಿಷಯ.

"ಇದನ್ನು ಅವತ್ತೇ ಹೇಳಿದ್ದರೆ ನಮಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ ಸರ್. ಕಾರ್ಡಿನ ನಿಯಮ ಅಂತ ಕೌಂಟರ್‌ನಲ್ಲಿ ಹೇಳಿದರು" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಡಿಸ್ಚಾರ್ಜ್ ಸಮರಿ ಇಸಿದುಕೊಂಡು, ಹರ್ನಿಯಾ ಯಾಕೆ ಮಾಡಲಿಲ್ಲ ಅನ್ನೋ ಕಾರಣವನ್ನು ಕೆಳಗೆ ಬರೆದು ಸಹಿ ಹಾಕಿ ಕೊಟ್ಟರು. ಹತ್ತು ದಿನದ ಮಾತ್ರೆಗಳ ದುಡ್ಡಿಗೆ ಅರ್ಜಿ ಬರೆಸಿಕೊಂಡಿದ್ದಾರೆ. ಇನ್ನೂ ಬಂದಿಲ್ಲ, ಬಂದಾಗ ಇಲ್ಲಿ ಹೇಳುತ್ತೇನೆ.

ಅವ್ವ ಆ ಚಿತ್ರದ ಕಾಗದವನ್ನು ಮಡಚಿ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಸಂಜೆ ಮನೆಗೆ ಬಂದ ಚಿಕ್ಕವ್ವನಿಗೆ ಅದನ್ನು ಬಿಚ್ಚಿ, ಬೆರಳಿಟ್ಟು ತೋರಿಸುತ್ತಿದ್ದಳು. ಮುಂದಿನ ತಿಂಗಳು ಹರ್ನಿಯಾ ಆಪರೇಷನ್.